ಭೋಂಗಾ ಆದರೆ ಒಳಗೆ ಹೋಗುತ್ತಿದ್ದ ಮಾವಶಿ

ನಮ್ಮ ಓಣಿಯ ಕೊನೆಯಲ್ಲಿ ಚಾಚಾನ ಗ್ಯಾರೇಜಿದೆ. ಅದರ ಹಿಂದೆ ಅವನ ಎರಡು ಆಡುಗಳಿಗೆ ಒಂದು ಚಪ್ಪರ. ಚಪ್ಪರಕ್ಕೆ ಹೊದಿಸಿರುವ ಫ್ಲೆಕ್ಸಿನಲ್ಲಿ ಎರಡು ಯುದ್ಧವಿಮಾನ, ಒಂದು ಬೆಂಕಿಯ ಉಂಡೆ, ನಮ್ಮ ನಾಗರಿಕ ಸಮಿತಿಯ ಅಧ್ಯಕ್ಷರು ಕೈಮುಗಿದು ನಿಂತ ದೊಡ್ಡ ಫೋಟೋ, ಮತ್ತು ಮೂಲೆಯಲ್ಲಿ ಅಂಚೆಚೀಟಿಯಷ್ಟು ಗಾತ್ರದ ಒಬ್ಬ ಹೆಂಗಸಿನ ಮುಖ. ‘ಯುದ್ಧಭೂಮಿಯಿಂದ ಮರಳಿದ ವೀರವನಿತೆಗೆ ಸುಸ್ವಾಗತ’ ಎಂದು ಬರೆದಿದೆ. ಎರಡು ಮಳೆಗಾಲಕ್ಕೆ ಅಧ್ಯಕ್ಷರ ಮುಖ ಸ್ವಲ್ಪ ಮಾಸಿದೆ. ಆಡುಗಳು ಮಾತ್ರ ನೆನೆಯದೆ ಬೆಚ್ಚಗಿವೆ. ಆ ಸಮಾರಂಭದಿಂದ ಯಾರಿಗಾದರೂ ಉಪಯೋಗ ಆಗಿದ್ದರೆ ಅದು ಅವೆರಡಕ್ಕೇ.

ಮೂಲೆಯಲ್ಲಿರುವ ಆ ಹೆಂಗಸನ್ನು ಓಣಿಯೆಲ್ಲ ಮಾವಶಿ ಎಂದು ಕರೆಯುತ್ತಿತ್ತು. ಹೆಸರು ಬೇರೆ ಇದೆ, ಬರೆಯುವುದಿಲ್ಲ. “ಒಮ್ಮೆ ಹೆಸರು ಹಾಕಿ ಬೋರ್ಡ್ ಮಾಡಿದ್ದು ಸಾಕ್ರಿ” ಎಂದು ಅವರೇ ಹೇಳಿ ಹೋಗಿದ್ದಾರೆ. ಅವರು ಕೆಲಸಕ್ಕಿರುವ ಆ ದೂರದ ಊರಿನ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಓದುವವರು ಮುಂದಿನ ಸಾಲಿಗೆ ಬರುವ ಮೊದಲೇ ಎರಡು ಪಾರ್ಟಿಯಾಗಿ, ಬಾಂಬು ಹಾಕಿದವರದು ಸರಿಯೋ ಹಾಕಿಸಿಕೊಂಡವರದು ಸರಿಯೋ ಎಂದು ಶುರುಮಾಡುತ್ತಾರೆ. ನಮ್ಮ ಚಹಾದಂಗಡಿಯಲ್ಲಿ ಆದದ್ದೇ ಅದು. ಎರಡು ಪಾರ್ಟಿಯವರೂ ಆ ಊರನ್ನು ನಕಾಶೆಯಲ್ಲಿ ತೋರಿಸಲಾರರು ಎಂಬುದು ಬೇರೆ ಮಾತು.

ನಾನು ಮಿಲ್ಲಿನ ಟೈಮ್ ಆಫೀಸಿನಲ್ಲಿ ಕಾರಕೂನನಾಗಿದ್ದವನು. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾರು ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಬರೆಯುವುದರಲ್ಲೇ ಆಯುಷ್ಯ ಕಳೆದೆ. ನಿವೃತ್ತನಾದ ಮೇಲೆ ಜನ ನನ್ನನ್ನು ಕೇಳದೆಯೇ ಒಳಗೆ ಹೊರಗೆ ಓಡಾಡುವುದನ್ನು ನೋಡಲಾಗದೆ ಸಮಿತಿಯ ಸೆಕ್ರೆಟರಿಯಾದೆ. ಮಿಲ್ಲಿನ ಸೈರನ್ನಿಗೆ ದಾಂಡೇಲಿಯಲ್ಲಿ ನಾವು ಭೋಂಗಾ ಅನ್ನುತ್ತೇವೆ. ಭೋಂಗಾ ಆದರೆ ಗಂಡಸರು ಡಬ್ಬಿ ಹಿಡಿದು ಹೊರಗೆ ಬರುತ್ತಾರೆ, ಹೆಂಗಸರು ಯಾರ ಗಂಡ ಬಂದ, ಯಾರ ಗಂಡ ಬರಲಿಲ್ಲ ಎಂದು ನೋಡಲು ಹೊರಗೆ ಬರುತ್ತಾರೆ, ನಾಯಿಗಳು ಡಬ್ಬಿಯಲ್ಲಿ ಉಳಿದದ್ದಕ್ಕೆ ಬರುತ್ತವೆ. ಮಿಲ್ಲಿಗೆ ಸಂಬಂಧವೇ ಇಲ್ಲದ ನಮ್ಮ ದರ್ಜಿ ಕೂಡ ಕತ್ತರಿ ಕೆಳಗಿಟ್ಟು ಒಮ್ಮೆ ಬಾಗಿಲಿಗೆ ಬಂದು ಆಕಾಶ ನೋಡಿ ಹೋಗುತ್ತಾನೆ. ಮೂರು ತಲೆಮಾರಿನ ರೂಢಿ ಅದು. ಅಂಥ ಓಣಿಯಲ್ಲಿ ಮಾವಶಿ ಒಬ್ಬರೇ ಮಧ್ಯಾಹ್ನದ ಭೋಂಗಾ ಆದ ಕೂಡಲೇ ಕಟ್ಟೆಯಿಂದ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ನಾವು ನಗುತ್ತಿದ್ದೆವು.

ಅವರು ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಕ್ರಿಶ್ಚಿಯನ್ ಮನೆತನದವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ. ಮಿಲ್ಲಿನಲ್ಲಿ ಲೋಡಿಂಗ್ ಮಾಡುತ್ತಿದ್ದವನನ್ನು ಮದುವೆಯಾಗಿ ನಮ್ಮ ಓಣಿಗೆ ಬಂದರು. ಅವನು ತೀರಿಕೊಂಡ ಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆದರು. ಆಯಾಗಳಿಗೆ ಇಲ್ಲಿ ಮಾವಶಿ ಅನ್ನುತ್ತಾರೆ, ಆ ಹೆಸರು ಅಲ್ಲಿಂದಲೇ ಅಂಟಿಕೊಂಡದ್ದು. ಆಮೇಲೆ ಗೋವಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, ಅಲ್ಲಿಂದ ಏಜೆಂಟನ ಮೂಲಕ ಪರದೇಶ. ದಾಂಡೇಲಿಗೆ ಈಗ ಹೊಳೆಯಲ್ಲಿ ದೋಣಿ ಆಡಲು ಬರುವ ಪ್ರವಾಸಿಗಳು ಬಹಳ. ಅವರು ಪೇಟೆಯಲ್ಲಿ ಮಾವಶಿಯನ್ನು ಕಂಡರೆ ಯಾವ ದೇಶದವರು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಮಾವಶಿ ನಿಂತು, ಸಮಾಧಾನದಿಂದ, “ಹಳಿಯಾಳ ತಾಲೂಕ್ರಿ. ನೀವು ಯಾವ ದೇಶದವ್ರು?” ಎಂದು ತಿರುಗಿ ಕೇಳುತ್ತಿದ್ದರು. ಹುಬ್ಬಳ್ಳಿಯಿಂದ ಬಂದವರು ಮುಖ ಕೆಂಪಗೆ ಮಾಡಿಕೊಂಡು ಹುಬ್ಬಳ್ಳಿ ಅನ್ನುತ್ತಿದ್ದರು.

ಆ ಊರಿನ ಮೇಲೆ ಬಾಂಬು ಬೀಳತೊಡಗಿದಾಗ ನಮ್ಮ ಸರಕಾರ ಇದ್ದಬದ್ದ ನಮ್ಮವರನ್ನೆಲ್ಲ ಬಸ್ಸಿಗೆ ಹತ್ತಿಸಿ, ಗಡಿ ದಾಟಿಸಿ, ವಿಮಾನದಲ್ಲಿ ಕೂರಿಸಿ ಕಳಿಸಿತು. ಮಾವಶಿ ನೋಡಿಕೊಳ್ಳುತ್ತಿದ್ದದ್ದು ನಾಲ್ಕನೆಯ ಮಹಡಿಯಲ್ಲಿ ಒಬ್ಬಳೇ ಇರುವ ಒಬ್ಬ ಅಜ್ಜಿಯನ್ನು. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಮೆಟ್ಟಿಲು ಇಳಿಯಲಾರಳು. “ನಿನ್ನ ದೇಶದವರು ಕರೀತಾರ, ನನ್ನ ಸಲುವಾಗಿ ನಿಂತು ಸಾಯಬ್ಯಾಡ” ಎಂದು ಅಜ್ಜಿಯೇ ಬೈದು ಚೀಲ ತುಂಬಿಸಿದಳಂತೆ. ಹದಿನೈದು ದಿನದ ಮಾತು ಎಂದು ಮಾವಶಿ ಹೊರಟರು. ದಾಂಡೇಲಿಗೆ ಬಂದಾಗ ಮೈಮೇಲೆ ಅಜ್ಜಿಯ ಸ್ವೆಟರಿತ್ತು. ಅವಸರದಲ್ಲಿ ತಮ್ಮದು ಅಲ್ಲಿ ಬಿಟ್ಟು ಅವಳದು ಹಾಕಿಕೊಂಡು ಬಂದಿದ್ದರು.

ಇತ್ತ ಅಧ್ಯಕ್ಷರಿಗೆ ಹಬ್ಬವಾಯಿತು. ನಮ್ಮ ಅಧ್ಯಕ್ಷರು ಎರಡು ಹೋಮ್‌ಸ್ಟೇ, ಒಂದು ರಬ್ಬರು ದೋಣಿ ಮತ್ತು ಅನೇಕ ಅಭಿಪ್ರಾಯಗಳ ಮಾಲೀಕರು. ಯುದ್ಧಭೂಮಿಯಿಂದ ಒಬ್ಬರು ನೇರವಾಗಿ ನಮ್ಮ ಓಣಿಗೇ ಬಂದಿರುವಾಗ ಸುಮ್ಮನಿರಲು ಆಗುತ್ತದೆಯೇ? ಶಾಲು, ಹಾರ, ಹಣ್ಣಿನ ಬುಟ್ಟಿ, ಆ ಫ್ಲೆಕ್ಸು. ಮಾವಶಿಯ ಕೈಗೆ ಮೈಕು ಕೊಟ್ಟೆವು. ಬಾಂಬಿನ ಶಬ್ದ, ಓಡಿದ ಜನ, ಸುಟ್ಟ ಮನೆ ಎಲ್ಲ ಬರುತ್ತದೆ ಎಂದು ಕುರ್ಚಿಯವರು ಮುಂದೆ ಬಾಗಿದರು. ಮಾವಶಿ ಹೇಳಿದ್ದು ಇಷ್ಟೇ.

“ಭೋಂಗಾ ಆದ್ರ ಒಳಗ ಹೋಗ್ರಿ. ಗಾಜಿನ ಕಡೆ ನಿಲ್ಲಬ್ಯಾಡ್ರಿ. ಚಪ್ಪಲ ಹಾಸಿಗಿ ಬಾಜೂ ಇಟ್ಕೊಂಡು ಮಲಗ್ರಿ, ಬರಿಗಾಲಿಗೆ ಗಾಜು ಚುಚ್ತಾವು.”

ಮೈಕು ಕೊಟ್ಟು ಕೂತರು. ಜನಕ್ಕೆ ಮೋಸ ಹೋದಂತಾಯಿತು. ಆ ಕೊರತೆಯನ್ನು ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿ ತುಂಬಿದರು. ಅವರು ಯುದ್ಧವನ್ನು ಟಿವಿಯಲ್ಲಿ ನೋಡಿದ್ದರಿಂದ ಹೇಳಲು ಬಹಳ ಇತ್ತು.

ಚಹಾದಂಗಡಿಯಲ್ಲೂ ಇದೇ ಕಥೆ. ಕ್ಷಿಪಣಿ ಯಾವ ಬಣ್ಣದ್ದು, ಎಷ್ಟು ದೂರದಿಂದ ಬರುತ್ತದೆ, ಅದನ್ನು ಆಕಾಶದಲ್ಲೇ ಹೊಡೆಯುವ ಯಂತ್ರ ನೋಡಿದಿರಾ ಎಂದು ಕೇಳಿದರೆ ಮಾವಶಿ, “ನಾ ಬಚ್ಚಲದ ಮುಂದ ಕೂತಿರ್ತಿದ್ದೆ ರೀ, ಏನೂ ನೋಡಿಲ್ಲ” ಅನ್ನುತ್ತಿದ್ದರು. ಕೇಳಿದವರು ನಿರಾಶರಾಗಿ, ಇವರಿಗಿಂತ ನಾವೇ ಹೆಚ್ಚು ನೋಡಿದ್ದೇವೆ ಎಂದು ತಮ್ಮತಮ್ಮಲ್ಲೇ ಯುದ್ಧ ಮುಂದುವರಿಸುತ್ತಿದ್ದರು.

ಕೇಳದೇ ಇದ್ದಾಗ ಮಾತ್ರ ಅವರು ಹೇಳುತ್ತಿದ್ದರು. ಬ್ರೆಡ್ಡಿನ ಅಂಗಡಿಯ ಪಾಳಿಯಲ್ಲಿ ನಿಂತಾಗ ಸೈರನ್ನು ಆದರೆ ಜನ ಪಕ್ಕದ ಮೆಟ್ಟಿಲ ಕೆಳಗೆ ಹೋಗುತ್ತಾರೆ, ಆದರೆ ಪಾಳಿ ಮುರಿಯುವುದಿಲ್ಲ. ಮುಂದಿನವರ ಬೆನ್ನು ನೆನಪಿಟ್ಟುಕೊಂಡು ಕೆಳಗೂ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಮೂರನೆಯ ಮಹಡಿಯ ಹೆಂಗಸು ಕರೆಂಟು ಬಂದ ಅರ್ಧ ಗಂಟೆಯಲ್ಲಿ ಇಡೀ ಕಟ್ಟಡದ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ, ಸಾಯುವುದಾದರೆ ಸುಕ್ಕುಗಟ್ಟಿ ಯಾಕೆ ಸಾಯಬೇಕು ಅನ್ನುತ್ತಾಳೆ. ಅಜ್ಜಿ ಸೈರನ್ನು ಆದ ಕೂಡಲೇ ಮೊದಲು ಕಟ್ಟಿಸಿದ ಹಲ್ಲು ಹುಡುಕಿ ಬಾಯಿಗೆ ಹಾಕಿಕೊಳ್ಳುತ್ತಾಳೆ, ಆಮೇಲೆ ಕೋಲು. “ಮುಂಜಾನೆ ಅಲ್ಲಿ ಊರಿನ ಸಪ್ಪಳ ಅಂದ್ರ ಗಾಜು ಗುಡಿಸೂದ್ರಿ” ಎಂದರು ಒಮ್ಮೆ. “ನಮ್ಮಲ್ಲಿ ಅಂಗಳ ಗುಡಿಸಿದಂಗ. ಎಲ್ಲಾ ಮನಿ ಮುಂದ, ಒಂದ ಹೊತ್ತಿಗೆ.” ಇದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಆದರೆ ಅಂದು ನನ್ನ ಪಕ್ಕದಲ್ಲಿದ್ದವರು, ಅಷ್ಟು ಗಾಜಿನ ಕಿಟಕಿ ಇಟ್ಟದ್ದೇ ಅವರ ತಪ್ಪು ಎಂದರು.

ಮಾವಶಿಗೆ ಒಂದು ಲೆಕ್ಕಾಚಾರವಿತ್ತು. ಕಟ್ಟಡದ ಹೊರಗಿನ ಗೋಡೆ ಸಿಡಿದು ಬರುವುದನ್ನು ತಡೆಯುತ್ತದೆ, ಅದರ ಒಳಗಿನ ಇನ್ನೊಂದು ಗೋಡೆ ಮೊದಲ ಗೋಡೆಯ ಚೂರನ್ನು ತಡೆಯುತ್ತದೆ. ಹಾಗಾಗಿ ನಮಗೂ ಬೀದಿಗೂ ನಡುವೆ ಎರಡು ಗೋಡೆ ಇರಬೇಕು. ಓಣಿಯ ಮನೆಮನೆಗೂ ಬಂದು ಅಂಥ ಜಾಗ ಹುಡುಕಿಕೊಟ್ಟರು. ನಮ್ಮ ಮನೆಯಲ್ಲಿ ಸಿಕ್ಕಿದ್ದು ಅಡಿಗೆಮನೆಗೂ ಬಚ್ಚಲಿಗೂ ನಡುವೆ ಅಕ್ಕಿ ಡ್ರಮ್ಮು ಇಡುವ ಸಂದಿ ಒಂದೇ. “ಚಲೋ ಜಾಗಾ ಐತಿ ಸೆಕ್ರೆಟರಿ ಸಾಹೇಬ್ರ, ಡ್ರಮ್ಮು ಸ್ವಲ್ಪ ಸರಸ್ರಿ” ಎಂದರು. ಆಯಿತು ಎಂದು ತಲೆಯಾಡಿಸಿ ಸರಿಸದೆ ಬಿಟ್ಟೆ. ದಾಂಡೇಲಿಯ ಮೇಲೆ ಯಾರು ಬಾಂಬು ಹಾಕುತ್ತಾರೆ ಎಂದು ನಾನು ಮನೆಯಲ್ಲಿ ಕೇಳುತ್ತಿದ್ದೆ. ಸಮಿತಿಯ ಸಭೆಯಲ್ಲಿ ಮಾತ್ರ, ಹಾಕಿಯೇ ಹಾಕುತ್ತಾರೆ ಎಂದು ಠರಾವಿಗೆ ಸಹಿ ಮಾಡುತ್ತಿದ್ದೆ.

ಭೋಂಗಾ ಆದಾಗ ಮಾವಶಿ ಒಳಗೆ ಹೋಗುವುದು ಹೆದರಿಕೆಯಿಂದ ಎಂದೇ ನಾವು ತೀರ್ಮಾನಿಸಿದ್ದೆವು. ಗುಟ್ಟು ತಿಳಿದದ್ದು ನನ್ನ ಹೆಂಡತಿಗೆ. ಅವಳು ಮುಂಡಗೋಡದ ಇಂದೂರಿನವಳು. ತವರಿನಿಂದ ಬಂದ ಹಪ್ಪಳ ಕೊಡಲು ಮಧ್ಯಾಹ್ನ ಮಾವಶಿಯ ಮನೆಯ ಹಿಂಬಾಗಿಲಿಂದ ಹೋದಾಗ ಅವರು ಬಚ್ಚಲಿನ ಮುಂದೆ ನೆಲದ ಮೇಲೆ ಕೂತು, ಫೋನನ್ನು ತಂಬಿಗೆಗೆ ಆನಿಸಿ ನಿಲ್ಲಿಸಿ, ಅವರೆಕಾಯಿ ಸುಲಿಯುತ್ತಿದ್ದರಂತೆ. ಫೋನಿನಲ್ಲಿ ಬಿಳಿಕೂದಲಿನ ಒಂದು ಮುಖ.

“ಯಾಕ್ರಿ ಮಾವಶಿ, ಅಂಜಿಕಿ ಆಗ್ತೇತೇನ್ರಿ?”

“ನನಗಲ್ಲ ರೀ ವೈನಿ, ಈ ಮುದುಕಿಗೆ” ಎಂದರಂತೆ ಮಾವಶಿ. “ನಾ ಬಂದ ಮರುದಿನ ಅಕಿ ಕೂಡ ಮಾತಾಡೂ ಮುಂದ ನಮ್ಮ ಭೋಂಗಾ ಆತು. ಫೋನ್ಯಾಗ ಕೇಳಿಸ್ತು ಅಕಿಗೆ. ನಿಮ್ಮೂರಾಗೂ ಬೀಳಾಕತ್ತೇತೇನು, ಒಳಗ ನಡಿ ಅಂತ ಒದರಿದಳು. ಇಲ್ಲ ಮುದುಕಿ, ಇದು ಊಟದ್ದು ಅಂದೆ. ನಂಬಲಿಲ್ಲ. ನೀ ಒಳಗ ಹೋಗಲಿಲ್ಲ ಅಂದ್ರ ನಾಳೆ ಇಲ್ಲಿ ಆದಾಗ ನಾನೂ ಹೋಗೂದಿಲ್ಲ ಅಂತ ಹಟ ಹಿಡದಳು.”

“ಹಂಗಂತ ದಿನಾ ಕೂಡ್ತೀರೇನ್ರಿ ಇಲ್ಲೆ?”

“ಕರಾರು ಆಗೇತಲ್ರಿ. ಇಲ್ಲಿ ಆದ್ರ ನಾ ಒಳಗ. ಅಲ್ಲಿ ಆದ್ರ ಅಕಿ ಫೋನ್ ಮಾಡ್ಬೇಕು, ನಾ ಏಳು ಅನಬೇಕು, ಅಕಿ ಏಳಬೇಕು. ಯಾರಾದ್ರೂ ಹೇಳಿದ್ರನ ಏಳೂ ಜಾತಿ ರೀ ಅದು. ಒಬ್ಬಾಕಿನ ಇದ್ರ ಕುರ್ಚಿ ಬಿಟ್ಟು ಅಳ್ಳಾಡೂದಿಲ್ಲ, ಬಂದ್ರ ಬರ್ಲಿ ಅಂತಾಳ.”

ಅಂದಿನಿಂದ ನಾವೂ ಗಮನಿಸಿದೆವು. ನಲ್ಲಿಯ ಹತ್ತಿರ, ಕಿರಾಣಿ ಅಂಗಡಿಯಲ್ಲಿ, ಒಮ್ಮೆ ಉಳವಿಯ ಬಸ್ಸಿನಲ್ಲಿ ಕೂಡ, ಫೋನು ಬಂದ ತಕ್ಷಣ ಮಾವಶಿ ಇದ್ದಲ್ಲೇ ಜೋರಾಗಿ ಶುರುಮಾಡುತ್ತಿದ್ದರು. ಅರ್ಧ ಅಲ್ಲಿಯ ಭಾಷೆ, ಕಾಲು ಕೊಂಕಣಿ, ಉಳಿದದ್ದು ಕನ್ನಡದ ಬೈಗುಳ. ಹಲ್ಲು ತಗೋ. ಕೋಲು ತಗೋ. ಕಿಟಕಿ ಕಡೆ ನೋಡಬೇಡ. ಕೂಡು. ಹತ್ತಿರ ನಿಂತವರಿಗೆ ಫೋನಿನೊಳಗೆ ಆ ಊರಿನ ಸೈರನ್ನು ಸಣ್ಣಗೆ ಕೇಳುತ್ತಿತ್ತು. ಮಾವಶಿ ಫೋನಿನಲ್ಲಿ ಏಳು ಅಂದರೆ ಅಲ್ಲಿ ಒಂದು ಜೀವ ಏಳುತ್ತದೆ, ಅನ್ನದಿದ್ದರೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೇ ಇರುತ್ತದೆ. ಇದು ಓಣಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಮುಂದೆ ಬರೆಯುವುದನ್ನು ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ.

ಅದೇ ದಿನಗಳಲ್ಲಿ ನಮ್ಮ ದೇಶದ ಗಡಿಯಲ್ಲೂ ಗದ್ದಲವಾಗಿ, ದೂರದ ಕೆಲವು ಊರುಗಳಲ್ಲಿ ಬಾಂಬು ಬಿದ್ದರೆ ಏನು ಮಾಡಬೇಕೆಂದು ತಾಲೀಮು ನಡೆಸಿದರು. ದಾಂಡೇಲಿಯ ಹೆಸರು ಅದರಲ್ಲಿ ಇರಲಿಲ್ಲ. ಅಧ್ಯಕ್ಷರಿಗೆ ಇದು ಅವಮಾನವಾಗಿ ಕಂಡಿತು.

“ಡ್ಯಾಮ್ ಐತಿ, ಮಿಲ್ಲು ಐತಿ, ರಾಫ್ಟಿಂಗ್ ಐತಿ. ಶತ್ರುಗಳ ಲಿಸ್ಟಿನ್ಯಾಗ ನಾವು ಮೊದಲ ಇರ್ತೇವಿ. ನಮ್ಮವ್ರ ಲಿಸ್ಟಿನ್ಯಾಗ ಯಾಕಿಲ್ಲ?” ಎಂದು ಸಭೆಯಲ್ಲಿ ಕೇಳಿದರು.

ಯಾರೂ ಮಾಡದಿದ್ದರೆ ನಾವೇ ಮಾಡೋಣ ಎಂದು ತೀರ್ಮಾನವಾಯಿತು. ನಿಯಮಾವಳಿ ಬರೆಯುವ ಕೆಲಸ ನನಗೆ ಬಂತು. ಬಹಳ ದಿನಗಳ ಮೇಲೆ ಒಂದು ರಿಜಿಸ್ಟರು ಕೈಗೆ ಸಿಕ್ಕ ಸಂತೋಷದಲ್ಲಿ ಒಂಬತ್ತು ನಿಯಮ ಬರೆದೆ. ದೀಪ ಆರಿಸಿ ಊರನ್ನು ಕತ್ತಲೆ ಮಾಡುವುದು ಮುಖ್ಯ ಕಾರ್ಯಕ್ರಮವಾಗಿತ್ತು. ಆದರೆ ಸಂಜೆ ಹೆಂಗಸರಿಗೆ ಧಾರಾವಾಹಿ, ಗಂಡಸರಿಗೆ ಕ್ರಿಕೆಟ್ಟು ಇದ್ದದ್ದರಿಂದ ಅದನ್ನು ಮಧ್ಯಾಹ್ನ ನಾಲ್ಕಕ್ಕೆ ಇಟ್ಟುಕೊಂಡೆವು. ಸುಡುಬಿಸಿಲಿನಲ್ಲಿ ಎಲ್ಲರೂ ದೀಪ ಆರಿಸಬೇಕು ಎಂದು ಡಂಗುರ ಹೊಡೆಸಿದ ಊರು ನಮ್ಮದೊಂದೇ ಇರಬೇಕು. ಏಳನೆಯ ನಿಯಮ ನನ್ನ ಸ್ವಂತ ಬುದ್ಧಿಯದು: ತಾಲೀಮು ಮುಗಿಯುವವರೆಗೆ ಎಲ್ಲರ ಫೋನೂ ಸೆಕ್ರೆಟರಿಯ ಬಳಿ ಇರತಕ್ಕದ್ದು. ಫೋನಿನ ಬೆಳಕು ಶತ್ರುವಿಗೆ ಕಾಣುತ್ತದೆ ಎಂಬುದು ಬರೆದ ಕಾರಣ. ಹಿಂದಿನ ಸಭೆಯಲ್ಲಿ ಅಧ್ಯಕ್ಷರ ಭಾಷಣದ ನಡುವೆ ಹನ್ನೊಂದು ಫೋನು ಬಡಿದುಕೊಂಡಿದ್ದವು ಎಂಬುದು ಬರೆಯದ ಕಾರಣ.

ಸೈರನ್ನು ಚಾಚಾನದು. ಲಾರಿಯೊಂದರ ಹಳೇ ಹಾರ್ನನ್ನು ಬ್ಯಾಟರಿಗೆ ಜೋಡಿಸಿ ಗ್ಯಾರೇಜಿನ ತಗಡಿನ ಮೇಲೆ ಕಟ್ಟಿದ್ದ. ಇಡೀ ತಾಲೀಮಿನಲ್ಲಿ ಕೆಲಸ ಮಾಡಿದ ವಸ್ತು ಅದೊಂದೇ.

ನಾನು ಹೆಂಡತಿಯ ಕಾಯಿಪಲ್ಲೆ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಫೋನು ಕೂಡಿಸಿದೆ. ಮಾವಶಿ ತಮ್ಮದನ್ನು ಸೆರಗಿನಲ್ಲಿ ಹಿಡಿದುಕೊಂಡು ನಿಂತರು.

“ಸೆಕ್ರೆಟರಿ ಸಾಹೇಬ್ರ, ನಂದೊಂದು ಬಿಡ್ರಿ. ಮುದುಕಿದು ಬರ್ತೇತಿ.”

“ನಿಮಗ ಬಿಟ್ರ ಎಲ್ಲಾರೂ ಕೇಳ್ತಾರ್ರಿ ಮಾವಶಿ. ಅರ್ಧ ತಾಸಿನ ಮಾತು.”

“ಅರ್ಧ ತಾಸಿನ್ಯಾಗ ಬಂದ್ರ?”

“ಬರೂದಿಲ್ಲ ತಗೋರಿ. ರೂಲ್ ಅಂದ್ರ ರೂಲ್.”

ಅವರು ಫೋನನ್ನು ಬುಟ್ಟಿಗೆ ಹಾಕಿದರು. ಆಯುಷ್ಯವೆಲ್ಲ ಮಂದಿಯ ಮನೆಯ ಕೆಲಸ ಮಾಡಿದವರಿಗೆ ರಿಜಿಸ್ಟರು ಹಿಡಿದವನ ಎದುರು ವಾದಿಸಿ ರೂಢಿಯಿಲ್ಲ. ಅದು ನನಗೆ ಗೊತ್ತಿದ್ದೇ ನಾನು ಹಾಗೆ ಮಾತಾಡಿದೆ.

ನಾಲ್ಕಕ್ಕೆ ಹಾರ್ನು ಕೂಗಿತು. ಎಲ್ಲರೂ ಒಳಗೆ ಹೋಗಬೇಕಿತ್ತು. ಇಡೀ ಓಣಿ ಹೊರಗೆ ಬಂತು. ಭೋಂಗಾ ಆದರೆ ಹೊರಗೆ ಬರುವ ಕಾಲುಗಳಿಗೆ ನನ್ನ ಒಂಬತ್ತು ನಿಯಮ ಯಾರು ಓದಿ ಹೇಳಬೇಕು? ದರ್ಜಿ ಬಾಗಿಲಿಗೆ ಬಂದು ಆಕಾಶ ನೋಡಿದ. ನಾಯಿಗಳು ಡಬ್ಬಿ ಹುಡುಕಿಕೊಂಡು ಬಂದವು. ಮಕ್ಕಳು ತಾರಸಿ ಹತ್ತಿ ವಿಮಾನ ಎಲ್ಲಿ ಎಂದು ಕೇಳಿದರು. ಅಧ್ಯಕ್ಷರು ಕಟ್ಟೆಯ ಮೇಲೆ ನಿಂತು “ಒಳಗ ಹೋಗ್ರಿ, ಒಳಗ ಹೋಗ್ರಿ” ಎಂದು ಕೂಗುತ್ತಿದ್ದರೆ ಅವರು ಏನು ಹೇಳುತ್ತಿದ್ದಾರೆ ಕೇಳೋಣ ಎಂದು ಒಳಗಿದ್ದ ಇಬ್ಬರು ಮುದುಕರೂ ಹೊರಗೆ ಬಂದರು. ಒಳಗೆ ಹೋದವರು ಮಾವಶಿ ಒಬ್ಬರೇ.

ನಾನು ಕಟ್ಟೆಯ ಕೆಳಗೆ ಬುಟ್ಟಿ ಕಾಯುತ್ತ ಕೂತಿದ್ದೆ. ಬುಟ್ಟಿಯಲ್ಲಿ ಒಂದು ಫೋನು ಬಡಿದುಕೊಂಡಿತು. ಬಟ್ಟೆ ಸರಿಸಿ ನೋಡಿದೆ. ಬಿಳಿಕೂದಲಿನ ಅಜ್ಜಿ, ಮಾವಶಿ ಬಿಟ್ಟುಬಂದ ಸ್ವೆಟರು ಹಾಕಿಕೊಂಡ ಫೋಟೋ. ನಿಂತಿತು. ಮತ್ತೆ ಬಡಿಯಿತು. ಎದ್ದು ಹತ್ತು ಹೆಜ್ಜೆ ಹೋಗಿ ಮಾವಶಿಯ ಬಾಗಿಲು ಬಡಿಯಬಹುದಿತ್ತು. ಅಧ್ಯಕ್ಷರು ಫೋಟೋಗಾಗಿ ಎಲ್ಲರನ್ನೂ ನಿಲ್ಲಿಸುತ್ತಿದ್ದರು. ಸೆಕ್ರೆಟರಿಯೇ ನಿಯಮ ಮುರಿದರೆ ಹೇಗೆ ಎಂದುಕೊಂಡು ಬಟ್ಟೆಯನ್ನು ಅದರ ಮೇಲೆ ಇನ್ನಷ್ಟು ಒತ್ತಿದೆ. ಮೂರನೆಯ ಸಲ ಬಡಿದದ್ದು ಬಟ್ಟೆಯ ಕೆಳಗಿನಿಂದ ನನ್ನ ಅಂಗೈಗೆ ತಗಲಿತು. ಇವತ್ತಿಗೂ ತಗಲುತ್ತದೆ. ನನ್ನ ಜೀವನದಲ್ಲಿ ಇದಕ್ಕಿಂತ ನಾಚಿಕೆಯ ಕೆಲಸ ನಾನು ಮಾಡಿಲ್ಲ.

ತಾಲೀಮು ಯಶಸ್ವಿಯಾಯಿತೆಂದು ಘೋಷಣೆಯಾದ ಮೇಲೆ ಮಾವಶಿ ಬಂದು ಫೋನು ತೆಗೆದುಕೊಂಡರು. ನೋಡಿದರು. ನನ್ನ ಮುಖ ನೋಡಲಿಲ್ಲ. ಅಲ್ಲೇ ನಿಂತು ಫೋನು ಹಚ್ಚಿದರು. ಆ ಕಡೆ ಬಡಿಯುತ್ತಿತ್ತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದರು. ತಮ್ಮ ಮನೆಯ ಕಟ್ಟೆಗೆ ಹೋಗಿ ಕೂತು ಮತ್ತೆ ಹಚ್ಚಿದರು.

ಸುದ್ದಿ ಓಣಿಗೆ ಹಬ್ಬಲು ಹೊತ್ತು ಬೇಕಾಗಲಿಲ್ಲ. ಒಬ್ಬೊಬ್ಬರಾಗಿ ಬಂದು ಆ ಕಟ್ಟೆಯ ಸುತ್ತ ನಿಂತರು. ಅಷ್ಟು ತಿಂಗಳು ಯುದ್ಧದ ಸುದ್ದಿ ತಿಂದು ಉಂಡು ಮಲಗಿದ ನಾವು ಅವತ್ತು ಮೊದಲ ಸಲ ಒಂದು ಸುದ್ದಿಗಾಗಿ ಕಾದೆವು. ಯಾರೋ ಟಿವಿ ಹಚ್ಚಿದರು. ಅಲ್ಲಿ ಆ ಊರಿನ ಹೆಸರು ಹೇಳಿ, ಕೆಂಪು ಬಾಣ ಬಿಟ್ಟು, ಮೂವರು ಕೂತು ಜಗಳಾಡುತ್ತಿದ್ದರು. ನಾಲ್ಕನೆಯ ಮಹಡಿಯ ಅಜ್ಜಿ ಎದ್ದಳೋ ಇಲ್ಲವೋ ಎಂದು ಅವರಿಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಹೋಗಿ ಟಿವಿ ಆರಿಸಿ ಬಂದಳು. ಅಧ್ಯಕ್ಷರು ಬಂದು ಒಂದು ಕಲ್ಲಿನ ಮೇಲೆ ಕೂತರು. ಅವರು ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ಮತ್ತೆ ನೋಡಿಲ್ಲ. ಚಾಚಾ ತಗಡಿನ ಮೇಲಿನ ಹಾರ್ನು ಬಿಚ್ಚಿ ಕೆಳಗಿಟ್ಟು ನನ್ನ ಪಕ್ಕ ಬಂದು ನಿಂತ.

“ಬೆಕ್ಕಿಗೆ ಚೆಲ್ಲಾಟ, ಸೆಕ್ರೆಟರಿ ಸಾಬ್” ಎಂದ. ಗಾದೆಯ ಉಳಿದರ್ಧ ಹೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಮೂರನೆಯ ಮಹಡಿಯ ಇಸ್ತ್ರಿಯ ಹೆಂಗಸು. ಮಾವಶಿ ಕೇಳುತ್ತ ಹೋದರು, ಆಮೇಲೆ ಫೋನು ಇನ್ನೊಬ್ಬರ ಕೈಗೆ ಹೋಯಿತೆಂದು ತೋರುತ್ತದೆ, ಮಾವಶಿಯ ದನಿ ಬದಲಾಯಿತು. ಬೈಗುಳ ಶುರುವಾಯಿತು. ಬೈಗುಳ ಕೇಳಿ ಓಣಿಗೆಲ್ಲ ಜೀವ ಬಂತು. ನನ್ನ ಹೆಂಡತಿ ಅತ್ತುಬಿಟ್ಟಳು.

ಫೋನಿಟ್ಟು ಮಾವಶಿ ಹೇಳಿದರು. “ಕುರ್ಚಿ ಮ್ಯಾಲೆ ಕೂತ ಇದ್ದಳಂತ. ಮ್ಯಾಲಿಂದ ಮ್ಯಾಲೆ ಮೂರು ಸಲ ಹಚ್ಚಿ, ಯಾರೂ ಏಳು ಅನಲಿಲ್ಲ ಅಂತ ಹಂಗ ಕೂತಳಂತ. ಹಿಂದಿನ ಓಣ್ಯಾಗ ಬಿದ್ದೇತಿ. ಕಿಟಕಿ ಒಡದು ಗಲ್ಲಕ್ಕ, ರಟ್ಟೆಗೆ ಗಾಜು ಹತ್ಯಾವು. ಹೊಲಿಗಿ ಹಾಕ್ಯಾರ. ಜೀವಕ್ಕೇನಿಲ್ಲ.” ಫೋನನ್ನು ಸೆರಗಿಗೆ ಒರೆಸುತ್ತ, “ಮೊದಲ ಕೇಳಿದ್ದು ಏನು ಗೊತ್ತೈತೇನ್ರಿ? ನೀ ಒಳಗ ಇದ್ದೇನು ಅಂತ. ಇದ್ದೆ ಅಂದೆ. ಫೋನ್ ಯಾಕ ಎತ್ತಲಿಲ್ಲ ಅಂದಳು. ಇಲ್ಲಿ ಯುದ್ಧದ ಆಟ ನಡದಿತ್ತು ಮುದುಕಿ ಅಂದೆ. ನಕ್ಕಳು.”

ಅಜ್ಜಿ ನಕ್ಕಳು ಎಂಬುದನ್ನು ನಾನು ಸಹಿಸಲಾರದೆ ಹೋದೆ. ಬೈದಿದ್ದರೆ ಸರಿಯಿತ್ತು. ಮರುದಿನ ಮಾವಶಿಯ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವರು ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ವಿಮಾನ ಮತ್ತೆ ಶುರುವಾದ ಕೂಡಲೇ ಹೋಗುವುದೆಂದು ಏಜೆಂಟನಿಗೆ ಹೇಳಿಯಾಗಿತ್ತು.

ಅಧ್ಯಕ್ಷರು ಓಡಿ ಬಂದರು. “ಯುದ್ಧಕ್ಕ ಯಾರಾದ್ರೂ ತಾವಾಗಿ ಹೋಗ್ತಾರೇನ್ರಿ ಮಾವಶಿ?”

“ಯುದ್ಧಕ್ಕ ಹೊಂಟಿಲ್ಲ ರೀ. ಮುದುಕಿಗೆ ಏಳು ಅನ್ನಾಕ ಹೊಂಟೇನಿ.”

ಹಾಗಾದರೆ ಒಂದು ಬೀಳ್ಕೊಡುಗೆ ಸಮಾರಂಭ ಎಂದರು ಅಧ್ಯಕ್ಷರು. ಆಗಲೇ ಮಾವಶಿ ಆ ಬೋರ್ಡಿನ ಮಾತು ಹೇಳಿದ್ದು. ನಾವು ಹಿಂದೆ ಹೊದಿಸಿದ್ದ ಶಾಲನ್ನು ಮಾತ್ರ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಅಲ್ಲಿ ಕಿಟಕಿಗೆ ಈಗ ಗಾಜಿಲ್ಲ, ಗಾಳಿ ಬರುತ್ತದೆ, ಮುದುಕಿಗೆ ಹೊದಿಸಲು ಆಗುತ್ತದೆ ಎಂದರು. ನಮ್ಮ ಸಮಿತಿ ಕೊಟ್ಟದ್ದರಲ್ಲಿ ಒಂದಾದರೂ ಯುದ್ಧದ ಉಪಯೋಗಕ್ಕೆ ಬಂತು.

ಹೊರಡುವ ದಿನ ನನ್ನನ್ನು ಕರೆದರು. “ಸೆಕ್ರೆಟರಿ ಸಾಹೇಬ್ರ, ನಾ ಅಲ್ಲಿ ಹೋದ ಮ್ಯಾಲೆ ಮುದುಕಿಗೆ ನಮ್ಮ ಭೋಂಗಾ ಯಾರು ಕೇಳಸ್ತಾರ್ರಿ?”

ನನಗೆ ಅರ್ಥವಾಗಲಿಲ್ಲ.

“ಅಕಿ ಒಮ್ಮೆ ಕೇಳಿದಳು, ನಿಮ್ಮ ಭೋಂಗಾ ಆದ ಮ್ಯಾಲೆ ಏನು ಬೀಳ್ತೇತಿ ಅಂತ. ಅನ್ನ ಸಾರು ಬೀಳ್ತೇತಿ ತಾಟಿಗೆ ಅಂದೆ. ನಮ್ಮ ಮಧ್ಯಾಹ್ನ ಅಲ್ಲಿ ಮುಂಜಾನಿ ರೀ, ಆವಾಗಿಂದ ಅದು ಕೇಳದ ಅಕಿಗೆ ಮುಂಜಾನಿ ಚಹಾ ಇಳಿಯೂದಿಲ್ಲ. ಬಾಂಬು ಬೀಳದ ಭೋಂಗಾ ಅಲ್ಲೇನ್ರಿ ಅದು. ದಿನಾ ಮಧ್ಯಾಹ್ನ ಒಂದ್ ಫೋನ್ ಮಾಡ್ರಿ. ಮತ್ತ ನೀವು ಒಳಗ ಹೋಗಬೇಕು ನೋಡ್ರಿ. ಹೊರಗ ನಿಂತ್ರ ಅಕಿಗೆ ಗೊತ್ತಾಗ್ತೇತಿ.”

ಅಂದು ಅಕ್ಕಿ ಡ್ರಮ್ಮು ಸರಿಸಿದೆ.

ಇದಾಗಿ ವರ್ಷದ ಮೇಲಾಯಿತು. ಅಲ್ಲಿ ಬಾಂಬು ನಿಂತಿತು ಎನ್ನುತ್ತಾರೆ, ಮತ್ತೆ ಬೀಳುತ್ತದೆ. ಮತ್ತೆ ನಿಂತಿತು ಎನ್ನುತ್ತಾರೆ. ನಮ್ಮ ಸಮಿತಿ ಈಗ ಬೀದಿನಾಯಿಗಳ ವಿರುದ್ಧ ಹೋರಾಡುತ್ತಿದೆ, ನಾನು ಸೆಕ್ರೆಟರಿಯಲ್ಲ. ಮಧ್ಯಾಹ್ನದ ಭೋಂಗಾ ಆಗುವ ಹೊತ್ತಿಗೆ ಫೋನು ಹಚ್ಚಿ ಕಿಟಕಿಯ ಹತ್ತಿರ ಹಿಡಿಯುತ್ತೇನೆ. ಭೋಂಗಾ ಕೂಗುತ್ತದೆ. ಓಣಿಯೆಲ್ಲ ಹೊರಗೆ ಬರುತ್ತದೆ. ಆ ಕಡೆಯಿಂದ ಅಜ್ಜಿ, ಮಾವಶಿಯಿಂದ ಕಲಿತ ಕನ್ನಡದಲ್ಲಿ, “ಒಳಗ ನಡಿ” ಎಂದು ಒದರುತ್ತಾಳೆ. ನನ್ನ ತಾಯಿ ಹೋದ ಮೇಲೆ ನನಗೆ ಹಾಗೆ ಹೇಳಿದವರಿಲ್ಲ. ನಾನು ಒಳಗೆ ನಡೆಯುತ್ತೇನೆ. ಸಂದಿಯಲ್ಲಿ ಕೂತಿದ್ದೇನೆಂದು ತೋರಿಸುತ್ತೇನೆ. ಅಜ್ಜಿ ಚಹಾ ಕುಡಿಯುತ್ತಾಳೆ, ಗಲ್ಲದ ಮೇಲೆ ಹೊಲಿಗೆಯ ಗುರುತು ಕಾಣುತ್ತದೆ. ಮಾವಶಿ “ಆತು, ಊಟಕ್ಕ ಹೋಗ್ರಿ” ಎಂದ ಮೇಲೆ ಏಳುತ್ತೇನೆ. ಸೆಕ್ರೆಟರಿಗೆ ಈಚೆಗೆ ಬಾಂಬಿನ ಹೆದರಿಕೆ ಹತ್ತಿದೆ ಎಂದು ಚಹಾದಂಗಡಿಯಲ್ಲಿ ಮಾತಾಡುತ್ತಾರಂತೆ. ಮಾತಾಡಲಿ.

ಮೊನ್ನೆ ನಮ್ಮ ಭೋಂಗಾ ಕೂಗಿ ನಿಂತಿತು. ಫೋನಿನೊಳಗಿನದು ನಿಲ್ಲಲಿಲ್ಲ. ಅದು ಅಲ್ಲಿಯದೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮಾವಶಿ ಅಜ್ಜಿಯನ್ನು ಎಬ್ಬಿಸುವುದು ಕೇಳಿಸಿತು. ಹಲ್ಲು. ಕೋಲು. ಆಮೇಲೆ ಫೋನಿನ ತೆರೆಯ ಕತ್ತಲೆಯಲ್ಲಿ ಎರಡು ಉಸಿರು, ದೂರದಲ್ಲಿ ಏನೋ ಬಿದ್ದ ಸದ್ದು, ಮತ್ತೆ ಉಸಿರು. ನಾನು ಡ್ರಮ್ಮಿಗೆ ಒರಗಿ ಕೂತೇ ಇದ್ದೆ. ಊಟಕ್ಕೆ ಹೋಗಿ ಎಂದು ಯಾರೂ ಹೇಳಲಿಲ್ಲ. ಹೆಂಡತಿ ಊಟಕ್ಕೆ ಕರೆಯಲು ಬಂದವಳು ನನ್ನ ಮುಖ ನೋಡಿ ಸಂದಿಯಲ್ಲಿ ನನ್ನ ಪಕ್ಕ ಬಂದು ಕೂತಳು. ತಾಟಿನಲ್ಲಿ ಅನ್ನ ತಣ್ಣಗಾಯಿತು. ಫೋನು ನನ್ನ ಕೈಯಲ್ಲೇ ಇತ್ತು, ಕರೆ ಕಡಿದಿರಲಿಲ್ಲ.